ಬ್ಯಾಣದ ಹುಲ್ಲು ಕೊಯ್ಯುವ ಹೊತ್ತು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಸಾಗರ ಕಡೆಯ ಒಂದು ಬ್ಯಾಣ, ಅಂದರೆ ಹುಲ್ಲು ಬೆಳೆಯಲು ಬಿಟ್ಟ ಜಾಗ. ಹುಬ್ಬೆ ಮಳೆ ನಡೆಯುತ್ತಿದೆ. ಹುಲ್ಲು ಮೊಣಕಾಲೆತ್ತರ ಬಂದಿದೆ, ತೆನೆ ಇನ್ನೂ ಹೊರಟಿಲ್ಲ. ನಮ್ಮ ಕಡೆ ಇದನ್ನು ಈಗ ಕೊಯ್ಯುವವರು ಕಡಿಮೆ. ದೀಪಾವಳಿ ಕಳೆದು, ಹುಲ್ಲು ಒಣಗಿ ಕರಡ ಆದ ಮೇಲೆ ಕೊಯ್ದು, ಹೊರೆ ಕಟ್ಟಿ ಮನೆಗೆ ತರುತ್ತೇವೆ. ಹೊರೆ ಲೆಕ್ಕದಲ್ಲಿ ಆಗ ಸಿಗುವುದೇ ಜಾಸ್ತಿ. ಹಸುವಿನ ಹೊಟ್ಟೆಯ ಲೆಕ್ಕ ಮಾತ್ರ ಬೇರೆಯೇ ಇದೆ.

ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಸ್ವಂತದ್ದಲ್ಲ. ಆ ಕೆಲಸ ಮಾಡುವುದು ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಒಳಗೆ ಸುಮಾರು 39 ಡಿಗ್ರಿ ಬಿಸಿ. ಗಾಳಿ ಇಲ್ಲವೆಂದೇ ಹೇಳಬೇಕು. ಅಲ್ಲಿ ಅವು ನಾರಿಗೆ ಅಂಟಿಕೊಂಡು ಅದನ್ನು ಹುಳಿ ಬರಿಸುತ್ತವೆ. ಆಗ ಹುಟ್ಟುವ ಅಸಿಟಿಕ್ ಆಮ್ಲವನ್ನು ಕೆಚ್ಚಲು ಹಾಲಿನ ಕೊಬ್ಬು ಮಾಡಲು ಬಳಸುತ್ತದೆ. ಡೇರಿಯಲ್ಲಿ ಫ್ಯಾಟ್ ಎಷ್ಟು ಬಂತು ಅಂತ ನೋಡುತ್ತೇವಲ್ಲ, ಅದರ ಬೇರು ಈ ನಾರಿನಲ್ಲಿದೆ.

ಆದರೆ ಎಲ್ಲ ನಾರೂ ಕರಗುವುದಿಲ್ಲ. ಬಿದಿರನ್ನೇ ನೋಡಿ, ಅದೂ ಹುಲ್ಲಿನ ಜಾತಿಯೇ. ಮಳೆಗಾಲದಲ್ಲಿ ಕಳಲೆ ತಂದು ಪಲ್ಯ ಮಾಡುತ್ತೇವೆ. ಅದೇ ಕಳಲೆ ಬಲಿತ ಮೇಲೆ ಕತ್ತಿಯ ಬಾಯಿ ಮುರಿಯುತ್ತದೆ. ಬ್ಯಾಣದ ಹುಲ್ಲಿನ ದಂಟಿನಲ್ಲೂ ಇದೇ ನಡೆಯುತ್ತದೆ. ತೆನೆ ಹೊತ್ತು ನಿಲ್ಲಬೇಕಾದ ದಂಟು ಗಟ್ಟಿಯಾಗಬೇಕು, ಅದಕ್ಕೆ ಗಿಡ ಲಿಗ್ನಿನ್ ಎಂಬ ವಸ್ತುವನ್ನು ನಾರಿನ ನಡುವೆ ತುಂಬಿಸುತ್ತದೆ. ದೊಡ್ಡ ಹೊಟ್ಟೆಯ ಜೀವಿಗಳ ಕೈಯಲ್ಲಿ ಲಿಗ್ನಿನ್ ಕರಗುವುದಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪಕ್ಕದ ಒಳ್ಳೆಯ ನಾರನ್ನೂ ಅದು ಹಿಡಿದಿಟ್ಟು, ಆ ಜೀವಿಗಳು ಹತ್ತಿರ ಹೋಗದ ಹಾಗೆ ಮಾಡುತ್ತದೆ. ನಮ್ಮಂಥ ಬಿಸಿ ನಾಡಿನ ಹುಲ್ಲುಗಳಲ್ಲಿ ಮೊದಲೇ ನಾರು ಜಾಸ್ತಿ. ಅದಕ್ಕೇ ತಡ ಮಾಡಿದರೆ ನಷ್ಟವೂ ಜಾಸ್ತಿ.

ಇದನ್ನು ಅಳೆಯುವ ದಾರಿಯೂ ಇದೆ. 1960ರ ದಶಕದಲ್ಲಿ ಅಮೆರಿಕದ ಪೀಟರ್ ವ್ಯಾನ್ ಸೂಸ್ಟ್ ಎಂಬ ವಿಜ್ಞಾನಿ, ಮೇವನ್ನು ಒಂದು ಬಗೆಯ ಸೋಪಿನ ದ್ರಾವಣದಲ್ಲಿ ಕುದಿಸಿ ನಾರನ್ನು ಬೇರೆ ಮಾಡುವ ವಿಧಾನ ತಂದರು. 1963ರಲ್ಲಿ ಇಂಗ್ಲೆಂಡಿನ ಟಿಲ್ಲಿ ಮತ್ತು ಟೆರ್ರಿ, ದೊಡ್ಡ ಹೊಟ್ಟೆಯ ರಸವನ್ನೇ ಗಾಜಿನ ಕೊಳವೆಗೆ ಹಾಕಿ, 48 ಗಂಟೆಯಲ್ಲಿ ಮೇವು ಎಷ್ಟು ಕರಗುತ್ತದೆ ಎಂದು ನೋಡುವ ದಾರಿ ತೋರಿಸಿದರು. ಲ್ಯಾಬುಗಳಲ್ಲಿ ಇವತ್ತಿಗೂ ಇವೇ ಆಧಾರ.

ನನಗೆ ತುಂಬ ಮುಖ್ಯ ಅನ್ನಿಸುವುದು ಮುಂದಿನ ಮಾತು. ಕರಗದ ನಾರು ಸುಮ್ನೆ ಹೊರಗೆ ಹೋಗುವುದಿಲ್ಲ. ಮೆಲುಕು ಹಾಕಿ ಹಾಕಿ ಸಣ್ಣಗಾಗುವ ತನಕ ಹೊಟ್ಟೆಯಲ್ಲೇ ಕೂತಿರುತ್ತದೆ. ಹೊಸ ಮೇವಿಗೆ ಜಾಗ ಇರುವುದಿಲ್ಲ. ಬೇಸಿಗೆಯಲ್ಲಿ ಕೊಟ್ಟಿಗೆಗೆ ಹೋಗಿ ನೋಡಿ. ಕರಡ ತಿಂದ ದನದ ಹೊಟ್ಟೆ ಉಬ್ಬಿರುತ್ತದೆ, ಬೆನ್ನೆಲುಬು ಎದ್ದಿರುತ್ತದೆ. ಅದು ಹೊಟ್ಟೆ ತುಂಬಿದ ಹಸಿವು. ಪಾಪ, ಅದಕ್ಕೆ ಹೇಳಲು ಬಾಯಿಲ್ಲ. ಜಾಸ್ತಿ ಹಾಲಿನ ದೊಡ್ಡ ಹಸುಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ನಾರು ಕರಗುವ ಪ್ರಮಾಣ ಶೇಕಡಾವಾರಿನಲ್ಲಿ 1 ಅಂಕ ಏರಿದರೆ, ಹಸು ದಿನಕ್ಕೆ 170 ಗ್ರಾಂ ಒಣ ಮೇವು ಹೆಚ್ಚು ತಿನ್ನುತ್ತದೆ, ಹಾಲೂ ಕಾಲು ಕೆಜಿ ಏರುತ್ತದೆ. ನಮ್ಮ ಸಣ್ಣ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ಅದೇ ಅಂಕಿ ಹಾಕಲು ಬರುವುದಿಲ್ಲ. ಹಾದಿ ಮಾತ್ರ ಅದೇ.

ಹಾಗಾದರೆ ಈಗಲೇ ಕೊಯ್ದುಬಿಡಬಹುದಲ್ವಾ? ಮಲೆನಾಡಿನ ಕಷ್ಟ ಇರುವುದೇ ಇಲ್ಲಿ. ಹುಲ್ಲು ಹದವಾಗಿರುವಾಗ ಒಣಗಿಸಲು ಬಿಸಿಲಿಲ್ಲ. ಬಿಸಿಲು ಬರುವ ಹೊತ್ತಿಗೆ ಹುಲ್ಲು ಬಲಿತಿರುತ್ತದೆ. ಹಿರಿಯರು ಕರಡಕ್ಕೆ ಕಾದದ್ದು ಬೇರೆ ದಾರಿ ಇಲ್ಲದೆ. ನಮಗೆ ಈಗ ರಸಮೇವು ಇದೆ, ಅಂದರೆ ಹಸಿ ಹುಲ್ಲನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಇಡುವ ಮೇವು (ಸೈಲೇಜ್). ಮಳೆ ಬಿಡುವು ಕೊಟ್ಟ ದಿನ ಕೊಯ್ದು, ಮಾಡಿನ ಕೆಳಗೆ ಹರಡಿ ನೀರು ಆರಿಸಿ, ಸಣ್ಣಗೆ ಕತ್ತರಿಸಿ, ಬೆಲ್ಲದ ನೀರು ಚಿಮುಕಿಸಿ, ಡ್ರಮ್ಮಿನಲ್ಲಿ ತುಳಿದು ತುಂಬಬೇಕು. ಗಾಳಿ ಹೋಗದಂತೆ ಮುಚ್ಚಿ ಒಂದೂವರೆ ತಿಂಗಳು ಬಿಡಬೇಕು. ತೀರಾ ಒದ್ದೆ ಹುಲ್ಲು ತುಂಬಿದರೆ ಕೊಳೆಯುತ್ತದೆ, ಅದಕ್ಕೇ ಆರಿಸುವುದು.

ಬ್ಯಾಣ ಪೂರ್ತಿ ಕೊಯ್ಯಿರಿ ಅಂತ ನಾನು ಹೇಳುವುದಿಲ್ಲ. ಅರ್ಧ ಸಾಕು. ಕೊಯ್ದ ಜಾಗ ಹಸ್ತ, ಚಿತ್ತೆ ಮಳೆಗೆ ಮತ್ತೆ ಚಿಗುರುತ್ತದೆ, ಅಲ್ಲಿ ದನ ಮೇಯಲಿ. ಉಳಿದರ್ಧ ಕರಡವಾಗಲಿ. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಮುಚ್ಚಲು ಅದು ಬೇಕೇ ಬೇಕು.

ಕರಡವನ್ನೇ ತಿನ್ನಿಸಬೇಕಾಗಿ ಬಂದರೆ ಒಂದು ಮಾತು. ಮೇವಿನ ಒಣ ತೂಕದಲ್ಲಿ ಸುಮಾರು ಶೇಕಡಾ 7 ಪ್ರೋಟೀನ್ ಇಲ್ಲದಿದ್ದರೆ ಆ ಸೂಕ್ಷ್ಮಜೀವಿಗಳೇ ಸೊರಗುತ್ತವೆ. ಕರಡದಲ್ಲಿ ಅಷ್ಟು ಇರುವುದಿಲ್ಲ. ಕಾಳುಮೆಣಸು ಹಬ್ಬಿಸಿದ ಹಾಲವಾಣದ ಸೊಪ್ಪು, ಸ್ವಲ್ಪ ಹಿಂಡಿ ಜೊತೆಗೆ ಕೊಡಿ. ಸಮಾರಂಭದ ಮನೆಯಲ್ಲಿ ಉಳಿದ ಅನ್ನವನ್ನು ಮಾತ್ರ ಬಕೆಟ್‌ಗಟ್ಟಲೆ ಸುರಿಯಬೇಡಿ. ಹೊಟ್ಟೆ ಹುಳಿಯಾಗಿ ಮೊದಲು ಸೋಲುವುದು ನಾರು ಕರಗಿಸುವ ಜೀವಿಗಳೇ. ಮಿತಿ ಮೀರಿದರೆ ಹಸುವಿನ ಜೀವಕ್ಕೇ ಅಪಾಯ.

ಡ್ರಮ್ಮು ತೆಗೆದ ದಿನ ರಸಮೇವನ್ನೂ ಒಮ್ಮೆಲೇ ಹಾಕಬೇಡಿ. ಹುಲ್ಲಿನ ಜೊತೆ ಒಂದು ಬೊಗಸೆಯಿಂದ ಶುರು ಮಾಡಿ, ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ಮೇಲೆ ಬೂಷ್ಟು ಹಿಡಿದಿದ್ದರೆ ಆ ಪದರ ತೆಗೆದು ಗೊಬ್ಬರದ ಗುಂಡಿಗೆ ಹಾಕಿ.