ಸಹಿಗೆ ಮಾತ್ರ ನೆನಪಾಗುವ ತಂಗಿ

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆಯೂ ಒಬ್ಬರು ಫೋನ್ ಮಾಡಿದ್ದರು. "ಸಾರ್, ಅಡ್ವಾನ್ಸ್ ತಗೊಂಡಾಯ್ತು. ಈಗ ಅಕ್ಕ ಸಹಿ ಹಾಕಲ್ಲ ಅಂತಾಳೆ." ಬೆಂಗಳೂರಿನ ಸುತ್ತ ಜಂಟಿ ಜಮೀನಿನ ಜಗಳ ಜಾಸ್ತಿ ಶುರುವಾಗುವುದು ಇಲ್ಲೇ. ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಅಡ್ವಾನ್ಸ್ ಮುಟ್ಟುವ ಮೊದಲು ಪಾಲುದಾರರೆಲ್ಲ ಕೂತು ಮಾತಾಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಸರ್ಜಾಪುರ ಕಡೆಯ ಒಂದು ಮನೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ಪಿತ್ರಾರ್ಜಿತ ಜಮೀನು 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಂತೆ ಒಟ್ಟು 60, ಅಂದರೆ ಮೂವರಿಗೂ ತಲಾ 20. ಅಣ್ಣಂದಿರು ವಂಶವೃಕ್ಷದಲ್ಲಿ ತಂಗಿಯ ಹೆಸರನ್ನೇ ಬಿಟ್ಟರು. ಖಾತೆ ಇಬ್ಬರ ಹೆಸರಿಗೆ ಮಾಡಿಸಿಕೊಂಡು ಮಾರಾಟದ ಅಗ್ರಿಮೆಂಟ್ ಬರೆದುಕೊಟ್ಟರು.

ಆಕೆ ನಮ್ಮ ವಕೀಲಿ ಆಫೀಸಿಗೆ ಬಂದವರು ಬಟ್ಟೆ ಅಂಗಡಿಯ ಕೈಚೀಲದಿಂದ ಹಳೇ ಪಹಣಿ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮಡಿಕೆ ಮಡಿಕೆಗೂ ಹರಿದಿತ್ತು. ಮಾಲೀಕರ ಹೆಸರಿರುವ 9ನೇ ಕಾಲಂ ಮೇಲೆ ಬೆರಳಿಟ್ಟು, "ಇಲ್ಲಿ ಅಪ್ಪನ ಹೆಸರಿತ್ತು ಸಾರ್," ಅಂದರು. ಆಮೇಲೆ, "ನಿನ್ನ ಮದುವೆಗೆ ಖರ್ಚು ಮಾಡಿದ್ದೀವಿ, ನಿನ್ನ ಪಾಲು ಮುಗೀತು ಅಂತಾರೆ. ಅವರ ಮದುವೆ ಏನು ಬಿಟ್ಟಿ ಆಯ್ತಾ?" ನಮ್ಮ ಜೂನಿಯರ್ ಹುಡುಗಿ ನಕ್ಕೇಬಿಟ್ಟಳು. ನೀವೂ ನಗುತ್ತಿದ್ದೀರಿ. ಆದರೆ ಈ ಪ್ರಶ್ನೆಗೆ ಉತ್ತರ ಕೊಟ್ಟ ಒಬ್ಬ ಅಣ್ಣನನ್ನೂ ನಾನು ಇನ್ನೂ ನೋಡಿಲ್ಲ.

ಕಾನೂನು ಇಲ್ಲಿ ತಂಗಿಯ ಕಡೆಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹೋಗುವುದಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಆಗಿಹೋದ ವಿಭಾಗ, ಮಾರಾಟವನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕೂ ಇಲ್ಲ ಅಂತಲ್ಲ.

ದಾವೆ ಹಾಕಿದೆವು, ತಡೆಯಾಜ್ಞೆ ಬಂತು. ಕೊಳ್ಳುವವರು ಅಡ್ವಾನ್ಸ್ ವಾಪಸ್ ಕೇಳಿದರು. ಆ ದುಡ್ಡು ಆಗಲೇ ಖರ್ಚಾಗಿತ್ತು. ವರ್ಷಗಟ್ಟಲೆ ಅಲೆದು, ಕೊನೆಗೆ ರಾಜಿಯಾಗಿ ಮೂವರೂ ಸೇರಿ ಅದೇ ಜಮೀನನ್ನು ಮಾರಿದರು! ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಕೊಟ್ಟು ಬಂದ ಆಕೆ ಅಂದಿದ್ದು ಇಷ್ಟೇ: "ಅವತ್ತೇ ಒಂದು ಮಾತು ಕೇಳಿದ್ರೆ, ಅವತ್ತೇ ಹಾಕ್ತಿದ್ದೆ ಸಾರ್." ಅದಕ್ಕೇ ಹೇಳುತ್ತಿರುವುದು, ಅಡ್ವಾನ್ಸ್ ಮುಟ್ಟುವ ಮೊದಲು ಅಂತ.

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಕೊಳ್ಳುವವರಿಗೆ ಒಂದು ಮಾತು. ಒಬ್ಬ ಪಾಲುದಾರ ತನ್ನ ಪಾಲು ಮಾರಬಹುದು, ಉಳಿದವರದ್ದನ್ನಲ್ಲ. ಇನ್ನು, ಹಂಚಲಾಗದ ಸಣ್ಣ ಸೈಟಾದರೆ 1893ರ ಪಾರ್ಟಿಷನ್ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿದರೆ ಕೋರ್ಟ್ ಮಾರಿಸಿ ದುಡ್ಡು ಹಂಚಬಹುದು. ಉಳಿದವರು ಕೋರ್ಟ್ ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಅನ್ನಲೂಬಹುದು.

ಪಹಣಿ ತಂದವರು ಹೊರಗೆ ಕಾಫಿ ಹತ್ತಿರ ಸಿಗಿ, ನೋಡೋಣ. ಅಕ್ಕ ತಂಗಿಯರೂ ಬಂದಿದ್ದರೆ ಜೊತೆಗೇ ಕರೆದುಕೊಂಡು ಬನ್ನಿ.