ತಗಡಿನ ಗುಡುಗು, ಮಂಗಳನ ಗುಹೆ

ಕೇಳುಗರಿಗೆಲ್ಲ ನಮಸ್ಕಾರ.

ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಗುಡುಗು ಎಲ್ಲಿಂದ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಪರದೆಯ ಮಗ್ಗುಲಲ್ಲಿ ಒಬ್ಬ ತಗಡಿನ ಹಾಳೆ ಹಿಡಿದು ಅಲ್ಲಾಡಿಸುತ್ತಿರುತ್ತಾನೆ. ಚಿಕ್ಕವನಿದ್ದಾಗ ನಾನು ಓರೆಗೆ ಕೂತು ಅವನ ಕೈಯನ್ನೇ ನೋಡುತ್ತಿದ್ದೆ. ಆದರೂ ಗುಡುಗಿದಾಗ ಬೆಚ್ಚಿ ಬೀಳುತ್ತಿದ್ದೆ!

ಮೊನ್ನೆ ಬಾದಾಮಿಯ ಮನೆಯಲ್ಲಿ ಅಣ್ಣನ ಮಗನ ಜೊತೆ ಒಂದು ಹಳೇ ಇಂಗ್ಲಿಷ್ ಸಿನಿಮಾ ನೋಡುವಾಗ ಆ ತಗಡು ನೆನಪಾಯಿತು. 'ದಿ ವಿಝರ್ಡ್ ಆಫ್ ಮಾರ್ಸ್', 1965ರದ್ದು, ಡೇವಿಡ್ ಹೆವಿಟ್ ನಿರ್ದೇಶನ. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಓಝ್ ಮಾಂತ್ರಿಕನ ಕತೆ ಗೊತ್ತಲ್ವಾ? ಸುಂಟರಗಾಳಿಗೆ ಹಾರಿಹೋದ ಡೊರೊತಿ, ಹಳದಿ ಇಟ್ಟಿಗೆಯ ದಾರಿ. ಹೆವಿಟ್ ಅದನ್ನೇ ಎತ್ತಿ ಮಂಗಳ ಗ್ರಹದ ಮೇಲಿಟ್ಟ. ಇಲ್ಲಿ ಡೊರೊತಿ ಗಗನಯಾತ್ರಿ. ಕತೆಯಲ್ಲಿ ಅವಳ ಜೊತೆ ನಡೆಯುವ ಬೆದರುಬೊಂಬೆ, ತಗಡಿನ ಮನುಷ್ಯ, ಸಿಂಹ ಇವರ ಜಾಗದಲ್ಲಿ ಮೂವರು ಗಂಡಸರು.

1939ರ ಹಾಲಿವುಡ್ ಓಝ್ ಸಿನಿಮಾಕ್ಕೆ 27 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚಾಗಿತ್ತು. ಇವರ ಕೈಲಿದ್ದದ್ದು ಸುಮಾರು 33 ಸಾವಿರ. ಸೆಟ್ ಹಾಕೋದೆಲ್ಲಿ ಬಂತು? ನೇರ ಅಮೆರಿಕದ ನೆವಾಡಾದಲ್ಲಿರುವ ಲೇಮನ್ ಗುಹೆಗೆ ಹೋದರು. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಇಳಿಬಿದ್ದ ಕಲ್ಲಿನ ಕೋಲುಗಳು, ನೆಲದಿಂದ ಎದ್ದ ಕಂಬಗಳು. ಅವುಗಳ ನಡುವೆ ನಾಲ್ವರೂ ಸುಮ್ನೆ ನಡೆಯುತ್ತಾರೆ. ನಡೆಯುತ್ತಲೇ ಇರುತ್ತಾರೆ.

"ಕಾಕಾ, ಇವರು ಇನ್ನೂ ಮುಟ್ಟಲಿಲ್ಲೇನು?" ಅಂದ ಹುಡುಗ.

ಎಳೆದದ್ದು ಹೌದು. ಆದರೆ ಆ ಕಲ್ಲು ಸುಳ್ಳಲ್ಲ. ದುಡ್ಡಿದ್ದವರು ಅದನ್ನು ಪ್ಲಾಸ್ಟರಿನಲ್ಲಿ ಮಾಡಿಸುತ್ತಿದ್ದರು.

ಮಂಗಳನ ಕಾಲುವೆಯಲ್ಲಿ ತೆಪ್ಪದ ಪ್ರಯಾಣವೂ ಇದೆ, ರಬ್ಬರಿನ ಪ್ರಾಣಿಗಳೂ ಇವೆ. ಅದೇ 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಮಂಗಳನ ಹತ್ತಿರ ಹಾದು ಫೋಟೊ ಕಳಿಸಿತು. ಕಾಲುವೆ ಇಲ್ಲ, ಬರೀ ಕುಳಿಗಳು. ಪಾಪ!

ಕೊನೆಗೆ ಮಾಂತ್ರಿಕ ಬರುತ್ತಾನೆ. ನಟ ಜಾನ್ ಕ್ಯಾರಡೈನ್. ಮೈ ಇಲ್ಲ, ನಕ್ಷತ್ರಗಳ ನಡುವೆ ತೇಲುವ ಮುಖ ಮಾತ್ರ. ಮುಖಕ್ಕಷ್ಟೇ ದುಡ್ಡು ಸಾಲಿತೇನೋ. ಆದರೆ ಆ ಗಂಟಲು! ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟಿಸುತ್ತಿದ್ದ ನಮ್ಮ ಕಂಪನಿ ನಟರದ್ದೇ ಜಾತಿ. ಅಲ್ಲಿಯವರೆಗೆ ನಗುತ್ತಿದ್ದ ಹುಡುಗ ಗಪ್ಪಾದ.

ಸಿನಿಮಾ ಮುಗಿದ ಮೇಲೆ ಕಿಟಕಿಯಾಚೆ ನೋಡುತ್ತ ಅಂದ: "ಕಾಕಾ, ನಮ್ಮ ಗುಡ್ಡನೂ ಕೆಂಪ ಐತಲ್ಲ? ಒಂದು ಹೆಲ್ಮೆಟ್ ಸಿಕ್ಕರ ಸಾಕು."

ಮರುದಿನ ಬೈಕ್ ತೆಗೆಯಲು ಹೋದರೆ, ನನ್ನ ಹೆಲ್ಮೆಟ್ ಇರಲಿಲ್ಲ.