ಒಂಬತ್ತು ಗೋಲು ಬಿಟ್ಟ ಹುಡುಗ

ಕೇಳುಗರಿಗೆ ನಮಸ್ಕಾರ.

ಒಂಬತ್ತು ಗೋಲು. ನಮ್ಮದು ಸೊನ್ನೆ, ಅವರದ್ದು ಒಂಬತ್ತು. ಹಾಸನದ ಒಂದು ಹುಡುಗರ ಹಾಕಿ ತಂಡಕ್ಕೆ ನಾನು ತರಬೇತಿ ಕೊಡಲು ಒಪ್ಪಿಕೊಂಡ ಮೊದಲ ವರ್ಷ, ಕೊಡಗಿನ ಒಂದು ಮೈದಾನದಲ್ಲಿ ನಾವು ಸೋತದ್ದು ಹೀಗೆ. ಸಂಜೆ ಕುಶಾಲನಗರದಲ್ಲಿ ಬಸ್ ಹತ್ತಿದೆವು. ಕೊಣನೂರು ದಾಟಿತು, ಅರಕಲಗೂಡು ಬಂತು. ಹದಿನಾರು ಹುಡುಗರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ. ಗೋಲ್‌ಕೀಪರ್ ಹುಡುಗ ಹಿಂದಿನ ಸೀಟಿನಲ್ಲಿ ಕಾಲಿನ ಪ್ಯಾಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅದರ ಒಂದು ಬದಿಯ ಹೊಲಿಗೆ ಬಿಚ್ಚಿ ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಅವನು ಅದನ್ನು ಬೆರಳಿನಿಂದ ಒಳಗೆ ತುರುಕುತ್ತಲೇ ಇದ್ದ, ಹಾಸನ ಬರುವವರೆಗೂ.

ಮಾರನೇ ದಿನ ಬೆಳಗ್ಗೆ ಸಲಹೆ ಕೊಡುವವರು ಬಂದರು. ಸೋತ ತಂಡಕ್ಕೆ ಸಲಹೆ ಜಾಸ್ತಿ. ಒಬ್ಬರು ಒಳ್ಳೆಯ ಫಾರ್ವರ್ಡ್ ತನ್ನಿ ಅಂದರು. ಇನ್ನೊಬ್ಬರು ಅರ್ಧ ತಂಡವನ್ನೇ ತೆಗೆದುಹಾಕಿ ಅಂದರು. ಆದರೆ ಎಲ್ಲರೂ ಒಂದು ಮಾತು ಮಾತ್ರ ಸೇರಿಸಿಯೇ ಹೇಳಿದರು. "ಮೇಷ್ಟ್ರೇ, ಮೊದಲು ಆ ಗೋಲ್‌ಕೀಪರ್ ಹುಡುಗನ್ನ ಬದಲಾಯಿಸಿ."

ನಾನು ಬದಲಾಯಿಸಲಿಲ್ಲ. ಯಾಕೆ ಅಂತ ಇವತ್ತು ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ದೇಶದ ತಂಡದ ಕತೆ ಹೇಳಬೇಕು.

ಭಾರತದ ಹಾಕಿ ತಂಡ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ತಂಡ. ಮೊದಲನೆಯದು 1928ರಲ್ಲಿ, ಕೊನೆಯದು 1980ರಲ್ಲಿ. ಅಂಥ ತಂಡ 2008ರ ಮಾರ್ಚ್‌ನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಅರ್ಹತಾ ಪಂದ್ಯ ಆಡಿತು. ಬ್ರಿಟನ್ ಎದುರು 2-0ಯಿಂದ ಸೋತಿತು. ಎಂಬತ್ತು ವರ್ಷದಲ್ಲಿ ಮೊದಲ ಸಲ ಹಾಕಿಯಲ್ಲಿ ಭಾರತ ಇಲ್ಲದ ಒಲಿಂಪಿಕ್ಸ್ ನಡೆಯಿತು. ನಾಲ್ಕು ವರ್ಷ ಬಿಟ್ಟು ಲಂಡನ್‌ಗೆ ಹೋದೆವು. ಆಡಿದ ಎಲ್ಲ ಪಂದ್ಯ ಸೋತೆವು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ನಮ್ಮ ಪಕ್ಕದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಆ ತಂಡದಲ್ಲಿದ್ದರು. ಕೊಡಗಿನ ವಿ.ಆರ್. ರಘುನಾಥ್ ಇದ್ದರು. ಆ ಸೋಲು ನಮಗೆ ದೂರದ ಸುದ್ದಿ ಆಗಿರಲಿಲ್ಲ. ಅಕ್ಕಪಕ್ಕದ ಮನೆಯವರು ಸೋತ ಹಾಗಿತ್ತು.

ಆ ಹೊತ್ತಿನಲ್ಲಿ ಎಲ್ಲರನ್ನೂ ತೆಗೆದುಹಾಕಿ ಹೊಸದಾಗಿ ಶುರು ಮಾಡಿ ಅಂತ ಹೇಳಿದವರು ಬೇಕಾದಷ್ಟು ಜನ. ಹಾಗೆ ಮಾಡಿದ್ದರೆ ಏನಾಗುತ್ತಿತ್ತು ನೋಡಿ. ಲಂಡನ್‌ನಲ್ಲಿ ಕೊನೆಗೆ ಬಂದ ಆ ತಂಡದಲ್ಲಿ ಕೇರಳದ ಒಬ್ಬ ಗೋಲ್‌ಕೀಪರ್ ಇದ್ದ, ಪಿ.ಆರ್. ಶ್ರೀಜೇಶ್. ಪಂಜಾಬಿನ ಹುಡುಗ ಮನ್‌ಪ್ರೀತ್ ಸಿಂಗ್ ಇದ್ದ. ಇವರನ್ನು ಬಿಟ್ಟುಕೊಡಲಿಲ್ಲ. ಎರಡೇ ವರ್ಷದಲ್ಲಿ, 2014ರಲ್ಲಿ, ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್ ಪಾಕಿಸ್ತಾನದ ಮೇಲೆ ಶೂಟೌಟ್‌ಗೆ ಹೋಯಿತು. ಶ್ರೀಜೇಶ್ ತಡೆದರು, ಚಿನ್ನ ಬಂತು. ಸುನಿಲ್, ರಘುನಾಥ್ ಆ ತಂಡದಲ್ಲೂ ಇದ್ದರು. ಸೋತವರೇ ಗೆದ್ದರು.

ಆಟಗಾರರ ವಿಷಯದಲ್ಲಿ ತಾಳ್ಮೆ ತೋರಿಸಿದ ನಾವು ಕೋಚ್‌ಗಳ ವಿಷಯದಲ್ಲಿ ಮಾತ್ರ ತೋರಿಸಲಿಲ್ಲ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತದೆ. ಸ್ಪೇನ್‌ನ ಹೋಸೆ ಬ್ರಾಸಾ ಬಂದರು, ಹೋದರು. ಆಸ್ಟ್ರೇಲಿಯಾದ ಮೈಕೆಲ್ ನಾಬ್ಸ್ ಬಂದರು, ಹೋದರು. ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಟೆರ್ರಿ ವಾಲ್ಷ್ ಗೆದ್ದ ಕೆಲವೇ ವಾರಗಳಲ್ಲಿ ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದ ಪಾಲ್ ವ್ಯಾನ್ ಆಸ್ ಒಂದು ವರ್ಷವೂ ಪೂರ್ತಿ ಇರಲಿಲ್ಲ. ಆಮೇಲೆ ಓಲ್ಟ್‌ಮನ್ಸ್, ಮರೀನ್, ಹರೇಂದ್ರ ಸಿಂಗ್. ಹತ್ತು ವರ್ಷದಲ್ಲಿ ಏಳು ಜನ. ಒಬ್ಬರು ಹಿಂದೆ ನಿಂತು ಆಡಿ ಅನ್ನುತ್ತಾರೆ, ಇನ್ನೊಬ್ಬರು ಮುಂದೆ ನುಗ್ಗಿ ಅನ್ನುತ್ತಾರೆ. ಹುಡುಗರು ಯಾರ ಮಾತು ಕೇಳಬೇಕು? ಒಂದೇ ಕ್ಲಾಸಿಗೆ ಪ್ರತಿ ತಿಂಗಳು ಹೊಸ ಮೇಷ್ಟ್ರು ಬಂದರೆ ಮಗ್ಗಿ ಕಲಿಯುವುದು ಯಾವಾಗ?

2019ರಲ್ಲಿ ಗ್ರಹಾಂ ರೀಡ್ ಬಂದರು. ಅವರಿಗೆ ಸಮಯ ಸಿಕ್ಕಿತು. ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ತಡವಾಗಿ 2021ರಲ್ಲಿ ನಡೆಯಿತು. ಎರಡನೇ ಪಂದ್ಯದಲ್ಲೇ ಆಸ್ಟ್ರೇಲಿಯಾ ನಮ್ಮನ್ನು 7-1ರಿಂದ ಹೊಡೆದುಹಾಕಿತು. ಆ ದಿನ ಟಿವಿ ಮುಂದೆ ಕೂತಿದ್ದ ನನಗೆ ಕುಶಾಲನಗರದ ಬಸ್ ನೆನಪಾಯಿತು. ಆದರೆ ತಂಡ ಚೆದುರಲಿಲ್ಲ. ಮುಂದಿನ ಪಂದ್ಯದಲ್ಲಿ ಸ್ಪೇನ್ ಮೇಲೆ 3-0. ಆಮೇಲೆ ಅರ್ಜೆಂಟೀನಾ, ಜಪಾನ್, ಬ್ರಿಟನ್. ಕಂಚಿನ ಪಂದ್ಯದಲ್ಲಿ ಜರ್ಮನಿ ಎದುರು 3-1ರಿಂದ ಹಿಂದೆ ಬಿದ್ದು, ಅಲ್ಲಿಂದ ಎದ್ದು 5-4. ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಅಂದರೆ ನಮ್ಮ ತಪ್ಪಿಗೆ ಗೋಲಿನ ಹತ್ತಿರದಿಂದ ಹೊಡೆಯುವ ಅವಕಾಶ. ಅದನ್ನು ತಡೆದದ್ದು ಯಾರು? ಲಂಡನ್‌ನಲ್ಲಿ ಹನ್ನೆರಡನೇ ಸ್ಥಾನಕ್ಕೆ ಬಂದ ತಂಡದಲ್ಲಿದ್ದ ಅದೇ ಶ್ರೀಜೇಶ್. ಟೋಕಿಯೊದಲ್ಲಿ ತಂಡದ ನಾಯಕ ಯಾರು? ಅದೇ ಮನ್‌ಪ್ರೀತ್. ನಲವತ್ತೊಂದು ವರ್ಷದ ಮೇಲೆ ಪದಕ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲೂ ಕಂಚು ಬಂತು.

ಟೋಕಿಯೊದ ಆ ಕಂಚಿನ ಪಂದ್ಯದಲ್ಲಿ ಎರಡು ಗೋಲು ಹೊಡೆದ ಸಿಮ್ರನ್‌ಜೀತ್ ಸಿಂಗ್ ಎಲ್ಲಿಂದ ಬಂದವರು ಗೊತ್ತಾ? 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದಿಂದ. ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ನೀಲಕಂಠ ಶರ್ಮಾ ಕೂಡ ಅದೇ ತಂಡದ ಹುಡುಗರು. ಅವರನ್ನು ಬೆಳೆಸಿದವರು ಹರೇಂದ್ರ ಸಿಂಗ್. ಐದು ವರ್ಷ ಮುಂಚೆ ಒಬ್ಬರು ಹಾಕಿದ ಬುನಾದಿ ಇನ್ನೊಬ್ಬರ ಕಾಲಕ್ಕೆ ಕೈಗೂಡಿತು. ಇದನ್ನು ನಾವು ಸಾಕಷ್ಟು ಹೇಳುವುದಿಲ್ಲ ಅಂತ ನನ್ನ ಭಾವನೆ.

ದುಡ್ಡು ಕೊಟ್ಟು ಆಟಗಾರರನ್ನು ಕೊಳ್ಳುವ ವೃತ್ತಿಪರ ತಂಡಗಳಿಗೆ ಈ ಕಷ್ಟ ಇಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಅವರಿಗೆ ಇನ್ನೂ ಜಾಸ್ತಿ. ಹಾಕಿ ಇಂಡಿಯಾ ಲೀಗ್ 2013ರಲ್ಲಿ ಐದು ತಂಡಗಳೊಂದಿಗೆ ಶುರುವಾಯಿತು. ಮುಂಬೈ ಮೆಜಿಷಿಯನ್ಸ್ ಅಂತ ಒಂದು ತಂಡ. ಕೋಚ್ ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್, ಹಾಕಿಯಲ್ಲಿ ಅವರಿಗಿಂತ ದೊಡ್ಡ ಹೆಸರು ಕಡಿಮೆ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವ ಡ್ರ್ಯಾಗ್ ಫ್ಲಿಕ್ ಹೊಡೆಯಲು ಸಂದೀಪ್ ಸಿಂಗ್. ಆ ವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ, ಹನ್ನೊಂದು. ಆದರೂ ಮುಂಬೈ ಐದರಲ್ಲಿ ಐದನೇ ಸ್ಥಾನಕ್ಕೆ ಬಂತು. ಲೀಗ್ ಶುರುವಾಗುತ್ತಲೇ ಆ ತಂಡದ ಪಾಕಿಸ್ತಾನಿ ಆಟಗಾರರು ವಾಪಸ್ ಹೋಗಬೇಕಾಗಿ ಬಂದಿತ್ತು. ಅವರಲ್ಲಿ ಗೋಲ್‌ಕೀಪರ್ ಕೂಡ ಇದ್ದರು. ಮುಂದೆ ಗೋಲು ಹೊಡೆಯುವವನು ಇದ್ದಾನೆ, ಹಿಂದೆ ಬಾಗಿಲು ತೆರೆದಿದೆ. ಆ ತಂಡ ಎರಡೇ ವರ್ಷಕ್ಕೆ ಮುಚ್ಚಿತು. ಅದೇ ಊರಿಗೆ ದಬಂಗ್ ಮುಂಬೈ ಅಂತ ಬೇರೆ ತಂಡ ಬಂತು. 2017ರಲ್ಲಿ ಅದು ಫೈನಲ್ ತಲುಪಿತು. ಕಳಿಂಗ ಲ್ಯಾನ್ಸರ್ಸ್ ಎದುರು 4-1ರಿಂದ ಸೋತರೂ, ತಂಡ ಆಯಿತಲ್ಲ ಅಂತ ನನಗೆ ಖುಷಿ. ಆ ವರ್ಷಕ್ಕೇ ಲೀಗ್ ನಿಂತುಹೋಯಿತು. ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್ ಕೊನೆಗೆ. ಪ್ರತಿ ಪುರುಷರ ತಂಡಕ್ಕೆ ಆಟಗಾರರನ್ನು ಕೊಳ್ಳಲು ನಾಲ್ಕು ಕೋಟಿ ರೂಪಾಯಿ, ಇಪ್ಪತ್ತನಾಲ್ಕು ಆಟಗಾರರು. ಹರ್ಮನ್‌ಪ್ರೀತ್‌ಗೆ 78 ಲಕ್ಷ ಸಿಕ್ಕಿತು. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನ ತಂಡ ಇರಲಿಲ್ಲ. ಇಷ್ಟು ಜನ ಆಟಗಾರರನ್ನು ಕೊಟ್ಟ ರಾಜ್ಯ, ಬೇಸರ ಆಗದೆ ಇರುತ್ತಾ?

ಕೆನಡಾ, ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಇದೆ. ಅಲ್ಲಿ ಒಂದು ಪದ್ಧತಿ. ಕೆಳಗೆ ಬಿದ್ದ ತಂಡಗಳಿಗೆ ಹೊಸ ಹುಡುಗರನ್ನು ಆರಿಸಿಕೊಳ್ಳಲು ಮೊದಲ ಸರದಿ ಸಿಗುವ ಅವಕಾಶ ಜಾಸ್ತಿ. ಎಡ್ಮಂಟನ್ ಆಯಿಲರ್ಸ್ ತಂಡಕ್ಕೆ 2010, 2011, 2012, ಮೂರು ವರ್ಷ ಸತತವಾಗಿ ಮೊದಲ ಸರದಿ ಸಿಕ್ಕಿತು. 2015ರಲ್ಲಿ ಮತ್ತೆ ಸಿಕ್ಕಿತು, ಆಗ ಬಂದವರು ಕಾನರ್ ಮ್ಯಾಕ್‌ಡೇವಿಡ್. ಅಷ್ಟಾದರೂ ಆ ತಂಡ 2006ರ ಫೈನಲ್ ಸೋತ ಮೇಲೆ ಹತ್ತು ಋತು ಪ್ಲೇಆಫ್ ಮುಖ ನೋಡಲಿಲ್ಲ. ಆ ಹತ್ತು ವರ್ಷದಲ್ಲಿ ಕೋಚ್‌ಗಳು ಬಂದರು, ಹೋದರು. ಮತ್ತೆ ಫೈನಲ್ ತಲುಪಿದ್ದು 2024ರಲ್ಲಿ. ಒಳ್ಳೆಯ ಹುಡುಗರು ಕೈಗೆ ಸಿಕ್ಕ ಮಾತ್ರಕ್ಕೆ ತಂಡ ಆಗುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಈ ಕತೆ ಓದಿದಾಗ.

ನಮ್ಮ ಹುಡುಗರ ವಿಷಯಕ್ಕೆ ಬರುತ್ತೇನೆ.

ಆ ಒಂಬತ್ತು ಗೋಲನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಯಾವ ನಿಮಿಷ, ಯಾವ ಕಡೆಯಿಂದ, ಯಾರು ಎಲ್ಲಿ ನಿಂತಿದ್ದರು ಅಂತ. ಒಂಬತ್ತರಲ್ಲಿ ಐದು ಪೆನಾಲ್ಟಿ ಕಾರ್ನರ್‌ನಿಂದ ಬಂದಿದ್ದವು. ಆ ಕಾರ್ನರ್ ಕೊಟ್ಟವರು ಗೋಲ್‌ಕೀಪರ್ ಅಲ್ಲ. ಡಿ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ ಒಳಗೆ, ಕಾಲಿಗೆ ಚೆಂಡು ತಾಗಿಸಿಕೊಂಡವರು ಫುಲ್ ಬ್ಯಾಕ್‌ಗಳು. ಗಾಬರಿಯಲ್ಲಿ ಎದುರಾಳಿಯ ಸ್ಟಿಕ್ಕಿಗೆ ಹೊಡೆದವರು ಹಾಫ್‌ಗಳು. ಇನ್ನೆರಡು ಗೋಲು ನಮ್ಮ ಫಾರ್ವರ್ಡ್‌ಗಳು ಚೆಂಡು ಕಳೆದುಕೊಂಡು ಸುಮ್ನೆ ನಿಂತು ನೋಡಿದ್ದಕ್ಕೆ ಬಂದವು. ಉಳಿದ ಎರಡು ಮಾತ್ರ ಆ ಹುಡುಗನ ತಪ್ಪು. ಊರೆಲ್ಲ ಒಂಬತ್ತನ್ನೂ ಅವನ ತಲೆಗೆ ಕಟ್ಟಿತ್ತು.

ನೋಟ್‌ಬುಕ್ ತೆಗೆದು ಇಡೀ ತಂಡದ ಮುಂದೆ ಓದಿದೆ. ಯಾರ ಹೆಸರನ್ನೂ ಬಿಡಲಿಲ್ಲ. ಅವತ್ತು ಆ ಹುಡುಗ ತಲೆ ಎತ್ತಿ ನನ್ನನ್ನು ನೋಡಿದ.

ಮೊದಲ ನಾಲ್ಕು ತಿಂಗಳು ಗೋಲು ಹೊಡೆಯುವ ಅಭ್ಯಾಸವನ್ನೇ ಮಾಡಿಸಲಿಲ್ಲ. ಹುಡುಗರಿಗೆ ಬೇಜಾರು. "ಸಾರ್, ಒಂದು ಹತ್ತು ನಿಮಿಷ ಶೂಟಿಂಗ್" ಅಂತ ಗೋಗರೆಯುತ್ತಿದ್ದರು. ಬೆಳಗ್ಗೆ ಆರಕ್ಕೆ ಮಹಾರಾಜ ಪಾರ್ಕ್ ಸುತ್ತ ಓಟ. ಆಮೇಲೆ ಟ್ರ್ಯಾಪ್, ಅಂದರೆ ಬರುವ ಚೆಂಡನ್ನು ಸ್ಟಿಕ್ಕಿನಲ್ಲಿ ನಿಲ್ಲಿಸುವುದು. ಟ್ಯಾಕಲ್, ಅಂದರೆ ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳುವುದು. ಮತ್ತೆ ಟ್ರ್ಯಾಪ್. ನಮ್ಮದು ಮಣ್ಣಿನ ಮೈದಾನ. ಚೆಂಡು ಸಣ್ಣ ಕಲ್ಲಿಗೆ ತಾಗಿ ಎಲ್ಲೋ ಹಾರುತ್ತದೆ. ಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ ಚೆಂಡು ನೆಲಕ್ಕೆ ಅಂಟಿಕೊಂಡು ಗುಂಡಿನ ಹಾಗೆ ಬರುತ್ತದೆ. ಮಣ್ಣಿನಲ್ಲಿ ಬೆಳೆದ ಹುಡುಗ ಟರ್ಫ್‌ಗೆ ಹೋದರೆ ಸ್ಟಿಕ್ ಇಡುವಷ್ಟರಲ್ಲಿ ಚೆಂಡು ದಾಟಿರುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆವು. ಸಿಮೆಂಟ್ ನೆಲಕ್ಕೆ ನೀರು ಸುರಿದು ಅಲ್ಲಿ ಟ್ರ್ಯಾಪ್ ಅಭ್ಯಾಸ. ಪ್ಯಾಂಟೆಲ್ಲ ಒದ್ದೆ. ಆದರೆ ಸೊಂಟ ಬಗ್ಗಿಸುವುದು ಕಲಿತರು.

ಪೆನಾಲ್ಟಿ ಕಾರ್ನರ್ ಬಂದಾಗ ಗೋಲ್‌ಕೀಪರ್ ಸೇರಿ ಐದು ಜನ ಗೋಲು ಗೆರೆಯ ಹಿಂದೆ ನಿಲ್ಲುತ್ತಾರೆ. ಚೆಂಡು ಹೊರಗೆ ತಳ್ಳಿದ ತಕ್ಷಣ ಒಬ್ಬ ನೇರವಾಗಿ ಹೊಡೆಯುವವನ ಕಡೆಗೆ ಓಡಬೇಕು. ಇಡೀ ಹಾಕಿಯಲ್ಲಿ ಅದಕ್ಕಿಂತ ಧೈರ್ಯದ ಕೆಲಸ ಇಲ್ಲ. ಸಕಲೇಶಪುರ ಕಡೆಯ ಒಬ್ಬ ತೆಳ್ಳಗಿನ ಹುಡುಗ ನಾನು ಓಡ್ತೀನಿ ಸಾರ್ ಅಂದ. ಅವನು ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದವನು. ಎರಡು ವರ್ಷ ದಿನಾ ಇಪ್ಪತ್ತು ಸಲ ಓಡಿದ. ಮೊಣಕಾಲಿನಲ್ಲಿ ನೀಲಿ ಗುರುತು ಹೋಗಿದ್ದೇ ಇಲ್ಲ.

ಎರಡನೇ ವರ್ಷ ಅದೇ ತಂಡದ ಎದುರು ನಾಲ್ಕು ಗೋಲಿನಿಂದ ಸೋತೆವು. ನನಗೆ ಅದು ಗೆಲುವಿನ ಹಾಗೆ ಕಂಡಿತು. ಕಮಿಟಿಗೆ ಹಾಗೆ ಕಾಣಲಿಲ್ಲ. ಮೀಟಿಂಗ್ ಕರೆದರು. ಹೊರಗಿನಿಂದ ನಾಲ್ಕು ಹುಡುಗರನ್ನು ತರೋಣ, ಬೇರೆ ಕೋಚ್ ನೋಡೋಣ ಅಂದರು. ಎಲ್ಲರೂ ಒಪ್ಪುವ ಹಾಗೆಯೇ ಇತ್ತು. ಆಗ ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದರು. ಕಾಫಿ ತೋಟದವರು. ಅವರು ಮಾತಾಡುವುದೇ ಕಡಿಮೆ.

"ನಮ್ಮ ತೋಟದಲ್ಲಿ ಕಾಂಡಕೊರಕ ಬಂದು ಅರೇಬಿಕಾ ಗಿಡ ಎಲ್ಲ ಕಿತ್ತು ಸುಟ್ವಿ. ಹೊಸ ಗಿಡ ನೆಟ್ವಿ. ಎರಡನೇ ವರ್ಷಕ್ಕೇ ಯಾರಾದ್ರೂ ಕೊಯ್ಲಿಗೆ ಆಳು ಕರೀತಾರೇನ್ರಪ್ಪ? ಮೇಷ್ಟ್ರಿಗೆ ಇನ್ನೆರಡು ವರ್ಷ ಬಿಡಿ. ಆಮೇಲೆ ಕೇಳೋಣ."

ಅಷ್ಟೇ ಹೇಳಿ ಕೂತರು. ಒಂದು ವಾರದ ಮೇಲೆ ಅವರೇ ಒಂದು ಜೊತೆ ಹೊಸ ಪ್ಯಾಡ್ ತರಿಸಿಕೊಟ್ಟರು. ಗೋಲ್‌ಕೀಪರ್ ಸಾಮಾನು ಎಷ್ಟು ದುಬಾರಿ ಅಂತ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ನಾಲ್ಕನೇ ವರ್ಷ ಮತ್ತೆ ಅದೇ ಮೈದಾನ. ಹದಿನಾರರಲ್ಲಿ ಹತ್ತು ಜನ ಆ ಮೊದಲ ಬಸ್ಸಿನಲ್ಲಿ ಕೂತಿದ್ದವರೇ. ಮೊದಲ ಅರ್ಧದಲ್ಲಿ ಅವರು ಒಂದು ಗೋಲು ಹೊಡೆದರು. ನಾವು ಮೂರನೇ ಕ್ವಾರ್ಟರ್‌ನಲ್ಲಿ ಒಂದು ಹೊಡೆದೆವು. ಕೊನೆಯ ನಿಮಿಷದಲ್ಲಿ ಅವರಿಗೆ ಪೆನಾಲ್ಟಿ ಕಾರ್ನರ್. ಸಕಲೇಶಪುರದ ಹುಡುಗ ಓಡಿದ. ಚೆಂಡು ಅವನ ಸ್ಟಿಕ್ಕಿನ ತುದಿಗೆ ತಾಗಿ ದಿಕ್ಕು ಬದಲಾಯಿತು. ನಮ್ಮ ಗೋಲ್‌ಕೀಪರ್ ಆಗಲೇ ಬಲಕ್ಕೆ ಹೊರಳಿದ್ದ. ಹೇಗೋ ಎಡಗಾಲು ಚಾಚಿದ. ಹೊಸ ಪ್ಯಾಡಿಗೆ ಬಿದ್ದ ಚೆಂಡಿನ ಸದ್ದು ನನಗೆ ಗೆರೆಯ ಆಚೆಗೂ ಕೇಳಿಸಿತು. ಅಂಪೈರ್ ಸೀಟಿ ಊದಿದರು. 1-1.

ಆ ಸಂಜೆಯ ಬಸ್ಸಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಕಂಡಕ್ಟರ್ ಎರಡು ಸಲ ಸುಮ್ಮನಿರಿ ಅಂದರು. ಗೋಲ್‌ಕೀಪರ್ ಹುಡುಗ ನನ್ನ ಪಕ್ಕ ಬಂದು ಕೂತ. ಕೊನೆಯಲ್ಲಿ ತಡೆದದ್ದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಮೊದಲ ಅರ್ಧದಲ್ಲಿ ಬಿಟ್ಟ ಆ ಒಂದು ಗೋಲು ಹೇಗೆ ಹೋಯಿತು, ತಾನು ಎಲ್ಲಿ ನಿಂತಿರಬೇಕಿತ್ತು, ನೋಟ್‌ಬುಕ್ಕಿನಲ್ಲಿ ಅದನ್ನು ಏನಂತ ಬರೆಯಬೇಕು ಅಂತ ಹೇಳುತ್ತಲೇ ಇದ್ದ, ಹಾಸನ ಬರುವವರೆಗೂ.

ನಮಸ್ಕಾರ.